ಅಪ್ಪ ಇರುವಾಗಲೇ

ಸಂಕ್ರಾಂತಿ ಕಳೆದರೂ ಚಳಿ ಬಿಟ್ಟಿರಲಿಲ್ಲ. ಹೆಗ್ಗದ್ದೆಯ ಸುತ್ತಿನ ತೋಟಗಳಲ್ಲೆಲ್ಲ ರೋಬಸ್ಟಾ ಹಣ್ಣಾಗಿ ಕುಯ್ಲು ಬಿರುಸಾಗಿತ್ತು. ಆಳುಗಳ ಜೀಪು ಬೆಳಕು ಹರಿಯುವ ಮೊದಲೇ ಏರಿ ಹತ್ತಿ ಹೋಗುತ್ತಿತ್ತು. ದಯಾನಂದ ಎದ್ದವನೇ ಕಣಕ್ಕೆ ಹೋಗಿ, ಇಬ್ಬನಿಗೆ ತೊಯ್ದಿದ್ದ ಟಾರ್ಪಾಲನ್ನು ಎಳೆದು ಬೇಲಿಯ ಮೇಲೆ ಹರವಿ, ಗುಡ್ಡೆ ಹಾಕಿದ್ದ ಕಾಫಿಯನ್ನು ಹಲಗೆಯಿಂದ ಎಳೆಯತೊಡಗಿದ. ಕೆಳಗಿನ ಹಣ್ಣು ಇನ್ನೂ ಬೆಚ್ಚಗಿತ್ತು. ಹುಳಿ ವಾಸನೆ ಮೂಗಿಗೆ ಬಂತು. ಮೂಗು ಒರೆಸಿಕೊಳ್ಳಲು ಬಲಗೈ ಎತ್ತಿದ. ಮಣಿಕಟ್ಟಿನಲ್ಲಿ ವಾಚಿನ ಹಾಗೆ ಕಟ್ಟಿದ್ದ ಪಟ್ಟಿ ಗುರ್ರೆಂದಿತು. ಕೈ ಅರ್ಧದಲ್ಲೇ ನಿಂತಿತು. ಮೂಗು ಒರೆಸಿಕೊಳ್ಳುವುದಕ್ಕೂ ಮೀಸೆ ಕೀಳುವುದಕ್ಕೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯದು. ಕೈ ತುಟಿಯ ಕಡೆಗೆ ಹೊರಟಿತೆಂದರೆ ಸಾಕು, ಒಳಗೇನೋ ಹುಳ ಹೊರಳಿದಂತೆ ನಡುಗಿ ಎಚ್ಚರಿಸುತ್ತಿತ್ತು. ಅವನು ಹೆಗಲಿಗೆ ಮೂಗುಜ್ಜಿಕೊಂಡು ಮತ್ತೆ ಹಲಗೆ ಹಿಡಿದ.

ಪಟ್ಟಿ ಕಟ್ಟಿಸಿದವಳು ಅಕ್ಕ ಗಂಗಾಮಣಿಯ ಮಗಳು ನಯನಾ. ಹಾಸನದಲ್ಲಿ ಓದುವ ಹುಡುಗಿ. ದೀಪಾವಳಿಗೆ ಆಲೂರಿನ ಅಕ್ಕನ ಮನೆಗೆ ಹೋದಾಗ ಹಿತ್ತಲಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದವನ ಎದುರಿಗೆ ಅವಳು ಬಂದುಬಿಟ್ಟಿದ್ದಳು. ಮೀಸೆಯ ಬಲ ಅರ್ಧ ನೀರಿನ ಜೊತೆ ಕಪ್ಪಗೆ ಗಲ್ಲದ ಮೇಲೆ ಇಳಿಯುತ್ತಿತ್ತು. ಕಿತ್ತು ಬೋಳಾದ ಆ ಕಡೆಗೆ ಬಳಿದುಕೊಳ್ಳಲು ಹುಬ್ಬಿಗೆ ತೀಡುವ ಪೆನ್ಸಿಲ್ಲನ್ನು ಅವನು ಸಕಲೇಶಪುರದ ಫ್ಯಾನ್ಸಿ ಅಂಗಡಿಯಲ್ಲಿ ಅಕ್ಕನಿಗೆ ಎಂದು ಸುಳ್ಳು ಹೇಳಿ ತಂದುಕೊಂಡಿದ್ದ. ನಯನಾ ನಗಲಿಲ್ಲ. ಟವೆಲು ಕೊಟ್ಟು ಒಳಗೆ ಹೋದಳು. ಆಮೇಲೆ ಒಬ್ಬನೇ ಇದ್ದಾಗ ಬಂದು, "ಮಾಮ, ಇದು ನಿಮ್ಮೊಬ್ಬರಿಗೇ ಅಲ್ಲ. ಕೂದಲು ಕೀಳೋರು, ಉಗುರು ಕಚ್ಚೋರು, ಚರ್ಮ ಕೆರೆಯೋರು, ನಮ್ಮ ಹಾಸ್ಟೆಲಲ್ಲೇ ಇದಾರೆ. ಚಟ ಅಲ್ಲ ಅದು," ಎಂದು ಇಂಗ್ಲಿಷಿನ ಯಾವುದೋ ಉದ್ದನೆಯ ಹೆಸರು ಹೇಳಿದಳು. ಆ ಹೆಸರು ಅವನ ತಲೆಯಲ್ಲಿ ನಿಲ್ಲಲಿಲ್ಲ. ಇಷ್ಟು ವರ್ಷ ತಾನೊಬ್ಬನೇ ಕದ್ದು ಮಾಡುತ್ತಿದ್ದ ಕೆಲಸಕ್ಕೆ ಬೇರೆಯವರು ಹೆಸರಿಟ್ಟಿದ್ದಾರೆಂಬುದು ಸಮಾಧಾನವೋ ಅವಮಾನವೋ ಗೊತ್ತಾಗಲಿಲ್ಲ. ಆಮೇಲೆ ಅವಳೇ ಹಾಸನದಲ್ಲಿ ಡಾಕ್ಟರ ಹತ್ತಿರ ಕರೆದೊಯ್ದಳು, ಪಟ್ಟಿ ತರಿಸಿದಳು, ಫೋನಿಗೆ ಅದನ್ನು ಹೊಂದಿಸಿ, ಕೈಯನ್ನು ತುಟಿಯವರೆಗೆ ಮತ್ತೆ ಮತ್ತೆ ಒಯ್ಯುವಂತೆ ಹೇಳಿ ಅದಕ್ಕೆ ಕಲಿಸಿದಳು. ಕದಿಯುವವನೇ ನಾಯಿಗೆ ತನ್ನ ವಾಸನೆ ತೋರಿಸಿದ ಹಾಗಿತ್ತು.

ಒಳಗೆ ಅಪ್ಪ ಲಕ್ಕಪ್ಪ ರೊಟ್ಟಿ ಸುಟ್ಟಿದ್ದ. ಅವ್ವ ಹೋದ ಮೇಲೆ ಒಲೆಯ ಕೆಲಸ ಅವನೇ ಹಿಡಿದಿದ್ದ. ಮಗ ಮಾಡಿದ ರೊಟ್ಟಿ ಚಪ್ಪಲಿಯಂತಿರುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದ. ಇಬ್ಬರೂ ಎದುರುಬದುರು ಕೂತು ತಿಂದರು. ಪ್ರತಿ ತುತ್ತಿಗೂ ಪಟ್ಟಿ ಗುರ್ರೆನ್ನುತ್ತಿತ್ತು.

"ಅದೇನ್ಲಾ ಅದು, ಜೀರುಂಡೆ ಸಾಕ್ಕಂಡಿದ್ದೀಯಾ?"

"ಬಿಪಿ ನೋಡೋದು ಅಂದಿದ್ನಲ್ಲಪ್ಪ."

"ತುತ್ತಿಗೊಂದ್ಸಲ ಬಿಪಿ ಏರ್ತದಾ? ಟೈಮೂ ತೋರ್ಸಕ್ಕಿಲ್ಲ, ಉಣ್ಣಾಕೂ ಬಿಡಕ್ಕಿಲ್ಲ. ಹೆಂಡ್ತಿ ಇಲ್ಲ ಅಂತ ಇದನ್ನ ಕಟ್ಕಂಡೇನೋ."

ಅಪ್ಪ ತಾನೇ ನಕ್ಕ. ಅವನ ಬಿಳಿಮೀಸೆ ದಪ್ಪಗೆ, ಎರಡೂ ಕಡೆ ಸಮನಾಗಿ, ರೊಟ್ಟಿಯ ಪುಡಿ ಹಿಡಿದುಕೊಂಡು ಅಲ್ಲಾಡಿತು. ದಯಾನಂದ ತಲೆ ತಗ್ಗಿಸಿ ತಿಂದ. ತೀಡಿಕೊಂಡಿದ್ದ ಬಲಗಡೆ ಎಣ್ಣೆ ತಾಗಿ ಕರಗೀತೆಂದು ತುಟಿ ಅಲುಗದ ಹಾಗೆ ಅಗಿಯುವುದು ರೂಢಿಯಾಗಿತ್ತು. ಅಪ್ಪನ ಮಾತು ಸುಳ್ಳಲ್ಲ ಅನ್ನಿಸಿತು. ದಿನವೆಲ್ಲ ತನ್ನನ್ನು ಮುಟ್ಟುವುದು ಅದೊಂದೇ. ನಯನಾ ತನ್ನ ಫೋನಿನಲ್ಲೂ ಅದರ ಲೆಕ್ಕ ನೋಡಬಹುದಂತೆ; ಹಾಸನದ ಯಾವುದೋ ಕ್ಲಾಸಿನಲ್ಲಿ ಕೂತ ಹುಡುಗಿ ಮಾಮ ಇವತ್ತು ಎಷ್ಟು ಸಲ ಕೈ ಎತ್ತಿದ ಎಂದು ನೋಡುತ್ತಿರಬಹುದು ಎಂಬ ನೆನಪಿಗೆ ಎರಡನೆಯ ರೊಟ್ಟಿ ಸಾಕೆನಿಸಿ ಎದ್ದುಬಿಟ್ಟ. ಅವಳ ಲೆಕ್ಕದಲ್ಲಿ ತಾನು ಸುಧಾರಿಸುತ್ತಿರುವುದು ಕಡಿಮೆ ತಿನ್ನುತ್ತಿರುವುದರಿಂದ ಎಂದು ಹೇಗೆ ಹೇಳುವುದು. ಇನ್ನೊಂದನ್ನಂತೂ ಹೇಳುವ ಹಾಗೇ ಇರಲಿಲ್ಲ. ಪಟ್ಟಿ ಬಲಗೈಯನ್ನು ಕಾಯುತ್ತಿದ್ದರೆ ಎಡಗೈ ಮೆಲ್ಲಗೆ ಕಲಿಯತೊಡಗಿತ್ತು. ಅನ್ನ ತಿನ್ನಲು, ದೇವರಿಗೆ ಹೂವಿಡಲು, ಯಾರಿಗೂ ಏನನ್ನೂ ಕೊಡಲು ಬಾರದ ಕೈ. ಕತ್ತಲಲ್ಲಿ ದಾರಿ ಹುಡುಕುವವನ ಹಾಗೆ ತಡವುತ್ತ ತಡವುತ್ತ ಎಡಮೀಸೆಯ ಅಂಚಿಗೆ ಬಂದು ನಿಂತಿತ್ತು.

"ಪೇಟೆಗೆ ಹೋದ್ರೆ ನನ್ ಮಾತ್ರೆ ತತ್ತೀಯಾ?" ಅಂದ ಅಪ್ಪ. "ಮೊಣಕಾಲ್ದು. ನೀಲಿ ಡಬ್ಬಿ. ಬಿಳೀದ್ ತಂದ್ರೆ ನೀನೇ ನುಂಗು."

ಸಕಲೇಶಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮಾರನಹಳ್ಳಿಯಲ್ಲಿ ಹೆದ್ದಾರಿಗೆ ಸೇರುವಾಗ ಘಾಟಿ ಹತ್ತಿ ಬಂದ ಲಾರಿಗಳ ಸಾಲಿನ ಹಿಂದೆ ಬಸ್ಸು ನಿಂತಿತು. ಹೊಗೆ, ಬಿಸಿಲು, ಯಾರದೋ ಫೋನಿನ ಹಾಡು. ಮುಖಕ್ಕೆ ಕಟ್ಟಿಕೊಳ್ಳಲು ಏನೂ ತಂದಿರಲಿಲ್ಲ. ಕೊರೋನಾ ಕಾಲದ ಮಾಸ್ಕನ್ನು ಅವನು ಊರೆಲ್ಲ ಬಿಸಾಕಿದ ಮೇಲೂ ಬಿಟ್ಟಿರಲಿಲ್ಲ. "ಏನಯ್ಯ, ನಿಂಗೊಬ್ನಿಗೇ ಇನ್ನೂ ರೋಗ ಹೋಗಿಲ್ವಾ" ಎಂದು ಹಾಲಿನ ಡೈರಿಯಲ್ಲಿ ನಗುತ್ತಿದ್ದರು. ಜನ ಹೆದರಿ ಸಾಯುತ್ತಿದ್ದ ಆ ಎರಡು ವರ್ಷ ಅವನ ಪಾಲಿಗೆ ಎಷ್ಟು ಹಗುರವಾಗಿದ್ದವು ಎಂಬುದು ಯಾರಿಗೂ ಹೇಳುವ ಮಾತಲ್ಲ. ಜಗತ್ತೆಲ್ಲ ಬಾಯಿ ಮುಚ್ಚಿಕೊಂಡಿತ್ತು. ಸಾಲಿನಲ್ಲಿ ನಿಂತರೆ ತಾನೂ ಎಲ್ಲರ ಹಾಗಿದ್ದ. ಆಗಲೇ ಒಂದು ಹೆಣ್ಣು ನೋಡಲು ಹೋಗಿದ್ದು. ಹುಡುಗಿಯ ಮುಖವೂ ಅರ್ಧ, ತನ್ನದೂ ಅರ್ಧ, ಕಣ್ಣಲ್ಲೇ ಅವಳು ನಕ್ಕಂತಿತ್ತು. ಕಾಫಿ ತಟ್ಟೆ ಬಂದಾಗ ಮಾಸ್ಕ್ ಇಳಿಸಲೇಬೇಕಾಯಿತು. ಹುಡುಗಿಯ ಸೋದರಮಾವ ಕಾಫಿ ಕುಡಿಯುವುದನ್ನು ನಿಲ್ಲಿಸಿ ಅವನ ತುಟಿಯನ್ನೇ ನೋಡಿದ, ಅಡಿಕೆ ಆರಿಸುವವನು ಹುಳುಕು ನೋಡಿದ ಹಾಗೆ. ಆಮೇಲೆ ಹೇಳಿ ಕಳಿಸುತ್ತೇವೆ ಅಂದರು. ವಾಪಸು ಬರುವಾಗ ಅಪ್ಪ ದಾರಿಯುದ್ದಕ್ಕೂ ಆ ಮನೆಯ ತೋಟ ಸರಿ ಇಲ್ಲ, ನೆರಳು ಜಾಸ್ತಿಯಾಯಿತು, ಮೆಣಸಿನ ಬಳ್ಳಿ ಸೊರಗಿದೆ ಎಂದು ಬೈಯುತ್ತ ಬಂದಿದ್ದ.

ಹೆಂಡ್ತಿ ಇಲ್ಲ ಅಂತ ಇದನ್ನ ಕಟ್ಕಂಡೇನೋ. ಲಾರಿ ಸಾಲು ಜರುಗಿತು. ಬಲಗೈ ತೊಡೆಯ ಮೇಲೆ ಸುಮ್ಮನೆ ಮಲಗಿತ್ತು, ಪಟ್ಟಿ ಸುಮ್ಮನಿತ್ತು. ಎಡಗೈ ಕಿಟಕಿಯ ಸರಳಿನ ಮೇಲಿತ್ತು ಎಂದೇ ಅವನು ತಿಳಿದಿದ್ದ. ಬೆರಳುಗಳು ಹುಡುಕುತ್ತಿದ್ದವು. ಎಲ್ಲ ಕೂದಲೂ ಒಂದೇ ಅಲ್ಲ. ನಡುವೆ ಒಂದು ಒರಟಾದದ್ದು, ದಪ್ಪನೆಯದು, ಉಳಿದವುಗಳ ಜೊತೆ ಹೊಂದದೆ ಅಡ್ಡ ನಿಂತದ್ದು ಇದ್ದೇ ಇರುತ್ತದೆ. ಅದು ಸಿಕ್ಕುವವರೆಗೆ ಮೈಯೆಲ್ಲ ಕಿವಿಯಾಗುತ್ತದೆ. ಸಿಕ್ಕಿತು. ಉಗುರಿನ ನಡುವೆ ಅದನ್ನು ಒಮ್ಮೆ ಹೊರಳಿಸಿ, ಎಳೆದಾಗ ಆಗುವ ಆ ಸಣ್ಣ ಟಕ್. ಆ ಗಳಿಗೆಗೆ ಹೆಣ್ಣು ಕೊಡದವರೂ ಇಲ್ಲ, ಅಪ್ಪನೂ ಇಲ್ಲ, ದಯಾನಂದನೂ ಇಲ್ಲ. ಬುಡದಲ್ಲಿ ಬಿಳಿಯ ಹಸಿ ಚುಕ್ಕಿ. ಅದನ್ನು ನೋಡಿ ಬಿಸಾಕಿದ. ಇನ್ನೊಂದು ಅದರ ಪಕ್ಕದ್ದೇ. ಆನೆಮಹಲ್ ದಾಟುವಾಗ ಪಕ್ಕದಲ್ಲಿ ಕೂತ ಹೆಂಗಸು ಮಗುವಿನ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡದ್ದು ಕಂಡು ಅವನಿಗೆ ಎಚ್ಚರವಾಯಿತು. ಅಂಗಿಯ ಮುಂದೆ, ತೊಡೆಯ ಮೇಲೆ ಕೂದಲು ಉದುರಿದ್ದವು. ಫೋನಿನ ಕಪ್ಪು ಗಾಜಿನಲ್ಲಿ ನೋಡಿಕೊಂಡ. ಇದ್ದ ಅರ್ಧದ ನಡುವೆಯೇ ದಾರಿ ಬಿದ್ದಿತ್ತು. ತೀಡಿದ ಬಲಗಡೆ ಪೂರ್ತಿಯಾಗಿ, ನಿಜವಾದ ಎಡಗಡೆ ಹರಿದುಹೋಗಿ, ಸುಳ್ಳೇ ಚೆನ್ನಾಗಿ ಕಾಣುತ್ತಿತ್ತು.

ಬಸ್‌ಸ್ಟ್ಯಾಂಡಿನ ಹಿಂದಿನ ಕ್ಷೌರದಂಗಡಿಗೆ ಹೋದ. ಅಂಗಡಿಯ ಪ್ರದೀಪನಿಗೆ ಅವನ ಗುಟ್ಟು ಗೊತ್ತಿತ್ತೋ ಇಲ್ಲವೋ, ಈವರೆಗೆ ಕೇಳಿರಲಿಲ್ಲ; ಬಲಗಡೆಗೆ ನೀರು ತಾಗದಂತೆ ಕ್ಷೌರ ಮಾಡುತ್ತಿದ್ದ.

"ಟ್ರಿಮ್ಮಾ ಅಣ್ಣ?"

"ಪೂರ್ತಿ ತೆಗ್ದುಬಿಡು."

"ಗಡ್ಡನಾ?"

"ಮೀಸೆ."

ಬ್ಲೇಡು ಮುರಿಯುತ್ತಿದ್ದ ಪ್ರದೀಪನ ಕೈ ನಿಂತಿತು. ಕನ್ನಡಿಯೊಳಗೆ ಹಿಂದಿನ ಬೆಂಚಿನಲ್ಲಿ ಪೇಪರು ಮೆಲ್ಲಗೆ ಕೆಳಗಿಳಿಯಿತು. ಪೇಪರಿನ ಹಿಂದೆ ಏಕಾಂತಯ್ಯ. ಅಪ್ಪನ ಓರಗೆಯವನು, ರೈಲ್ವೆ ಗ್ಯಾಂಗಿನಲ್ಲಿದ್ದು ನಿವೃತ್ತನಾಗಿ ಈಗ ಪೇಟೆಯಲ್ಲಿ ಮಗಳ ಮನೆಯಲ್ಲಿರುವವನು. ಪ್ರಾಯದಲ್ಲಿ ಇಬ್ಬರೂ ಎಡಕುಮೇರಿಯ ಹಳಿಯ ಮೇಲೆ ನಡೆದು ಸುಬ್ರಹ್ಮಣ್ಯಕ್ಕೆ ಹೋಗಿ ಬರುತ್ತಿದ್ದರಂತೆ. ಪ್ರಾಯದ ಹುಡುಗರು ಮೀಸೆ ಬೋಳಿಸಿಕೊಂಡರೆ ಈಗ ಯಾರೂ ಕೇಳುವುದಿಲ್ಲ. ಆದರೆ ನಲವತ್ತು ದಾಟಿದ, ಹೆಗ್ಗದ್ದೆಯ ಲಕ್ಕಪ್ಪನ ಒಬ್ಬನೇ ಮಗ, ಕುಯ್ಲಿನ ನಡುವೆ, ವಾರದ ದಿನ ಬಂದು ಮೀಸೆ ತೆಗಿ ಎಂದರೆ ಅದಕ್ಕೆ ಇರುವುದು ಒಂದೇ ಅರ್ಥ. ಅಪ್ಪ ಇರುವವರೆಗೆ ಮುಟ್ಟದ್ದನ್ನು ಅಪ್ಪ ಹೋದ ದಿನ ಕೊಡುವುದು. ಮಗನಾದವನು ತೀರಿಸುವ ಕೊನೆಯ ಋಣ ಅದು.

"ಲೋ ದಯಾ," ಏಕಾಂತಯ್ಯನ ದನಿ ಆಗಲೇ ಒಡೆದಿತ್ತು. "ಲಕ್ಕಪ್ಪ...?"

ಹೇಳಬಹುದಾದ ಮಾತುಗಳೆಲ್ಲ ಒಂದರ ಹಿಂದೊಂದು ಬಂದವು. ಸುಮ್ಮನೆ ಮಾವ, ಸೆಕೆ. ಸುಮ್ಮನೆ, ಬೇರೆ ಥರ ಇರಲಿ ಅಂತ. ಇಲ್ಲ ಮಾವ, ಅಪ್ಪ ಬೆಳಿಗ್ಗೆ ರೊಟ್ಟಿ ಸುಟ್ಟ, ಚೆನ್ನಾಗವ್ನೆ. ಇದು ನಾನೇ ಕಿತ್ತುಕೊಂಡದ್ದು, ಬಸ್ಸಿನಲ್ಲಿ, ಈಗ, ಈ ಕೈಯಿಂದ. ಆ ಕೊನೆಯ ಮಾತು ಬಾಯಿಯವರೆಗೆ ಬಂದದ್ದೇ ಪ್ರದೀಪನ ಕಣ್ಣು ಕನ್ನಡಿಯಲ್ಲಿ ಅವನ ತುಟಿಯ ಮೇಲೆ ಬಿತ್ತು. ತಲೆ ತಾನಾಗಿಯೇ ಕೆಳಗಿಳಿಯಿತು. ಕ್ಷೌರಕ್ಕೆ ಕತ್ತು ಒಡ್ಡಿದೆ ಎಂದು ಆಮೇಲೆ ಹೇಳಿಕೊಳ್ಳಲು ನೋಡಿದ. ಆದರೆ ಅದರ ಜೊತೆಗೇ ಗಂಟಲಿನಿಂದ ಹೊರಟ "ಹೂಂ" ಯಾವ ಕತ್ತಿನದೂ ಅಲ್ಲ.

"ಶಿವಾ," ಎಂದು ಏಕಾಂತಯ್ಯ ಎದ್ದು ನಿಂತ.

"ತಲೆನೂ ತೆಗೀಲಾ ಅಣ್ಣ?" ಪ್ರದೀಪ ಮೆಲ್ಲಗೆ ಕೇಳಿದ.

"ಅದು... ಮನೆ ಹತ್ರ," ಅಂದ ದಯಾನಂದ. ಒಂದು ಸುಳ್ಳು ಇನ್ನೊಂದನ್ನು ಕೈ ಹಿಡಿದು ಕರೆತರುವುದನ್ನು ತಾನೇ ಪಕ್ಕದಲ್ಲಿ ನಿಂತು ನೋಡಿದಂತಿತ್ತು.

ಪ್ರದೀಪ ಅಷ್ಟು ಮೃದುವಾಗಿ ಯಾವತ್ತೂ ಕೈ ಆಡಿಸಿರಲಿಲ್ಲ. ಬಲಗಡೆಯ ಬಣ್ಣವನ್ನು ಹತ್ತಿಯಿಂದ ಒರೆಸಿದ, ಒಂದು ಮಾತೂ ಆಡದೆ, ಅಲ್ಲಿಯೂ ಕೂದಲಿದೆ ಎಂಬಂತೆ ಬ್ಲೇಡು ಎಳೆದ. ಏಳುವಾಗ ಹೆಗಲ ಮೇಲೆ ಕೈಯಿಟ್ಟು, ದುಡ್ಡು ಕೊಡಹೋದರೆ "ಛೆ, ಇವತ್ತು ತಗೋತಾರಾ" ಎಂದ. ಏಕಾಂತಯ್ಯ ಅವನ ಎರಡೂ ಕೈಗಳನ್ನು ತನ್ನ ಒರಟು ಅಂಗೈಗಳ ನಡುವೆ ತೆಗೆದುಕೊಂಡು ಎದೆಗೆ ಒತ್ತಿಕೊಂಡ. ಕಣ್ಣೀರು ಗಲ್ಲದ ಬಿಳಿ ಕೂಳೆಯಲ್ಲಿ ಇಳಿಯುತ್ತಿತ್ತು. "ಇಷ್ಟು ದಿನ ನೀನೊಬ್ನೇ ನೋಡ್ಕಂಡೆ ಕಣಪ್ಪ. ನಂಗೊತ್ತು, ಒಬ್ನೇ ಅಂತ," ಅಂದ. ನೀನೊಬ್ಬನೇ ಎಂದು ಈವರೆಗೆ ದಯಾನಂದನಿಗೆ ಯಾರೂ ಅಂದಿರಲಿಲ್ಲ. ಯಾರೂ ಇಷ್ಟು ಹೊತ್ತು ಅವನ ಕೈ ಹಿಡಿದಿರಲಿಲ್ಲ. ಅವ್ವ ಹೋದಾಗಲೂ ಬಂದವರು ಅಪ್ಪನ ಕೈ ಹಿಡಿದಿದ್ದರು. ಆ ಹಿಡಿತ ಬಿಡುವುದು ಬೇಡ ಅನ್ನಿಸಿತು. ಅಪ್ಪ ಸತ್ತಿದ್ದರೇ ಸರಿಯಿತ್ತು ಎಂಬಷ್ಟು, ಒಂದು ಕ್ಷಣ, ಬೇಡ ಅನ್ನಿಸಿತು. ಎದೆಯ ಹತ್ತಿರಕ್ಕೆ ಎತ್ತಿದ ಕೈಯನ್ನು ತುಟಿಗೆ ಹೊರಟಿತೆಂದು ಬಗೆದ ಪಟ್ಟಿ ಗುರ್ರೆಂದು ನಡುಗಿತು. ಏಕಾಂತಯ್ಯ ಅದನ್ನು ಅವನ ಮೈನಡುಕವೆಂದು ತಿಳಿದು ಇನ್ನೂ ಬಿಗಿಯಾಗಿ ಹಿಡಿದ.

ಹೊರಗೆ ಬಂದಾಗ ತುಟಿಯ ಮೇಲೆ ಗಾಳಿ ತಣ್ಣಗೆ ಆಡಿತು. ಮೆಡಿಕಲ್ ಶಾಪಿನ ಮುಂದೆ ನಿಂತು ಅಪ್ಪನ ಮೊಣಕಾಲಿನ ಮಾತ್ರೆ ಕೇಳಿದ. ಯಾವ ಬಣ್ಣದ ಡಬ್ಬಿ ಎಂದರು. ನೀಲಿ ಅಂದ. ಈಗಷ್ಟೇ ತಾನು ಕೊಂದ ಅಪ್ಪನಿಗೆ ಒಂದು ತಿಂಗಳ ಮಾತ್ರೆ. ತಿರುಗಿ ಅಂಗಡಿಗೆ ಓಡಿದರೆ ಏಕಾಂತಯ್ಯ ಇರಲಿಲ್ಲ, "ಎಲ್ರಿಗೂ ತಿಳಿಸ್ಬೇಕು ಅಂತ ಹೋದ್ರು ಅಣ್ಣ, ನೀವು ಹೊರಡಿ, ನೀವು ಅಲ್ಲಿರ್ಬೇಕು," ಅಂದ ಪ್ರದೀಪ. ಏಕಾಂತಯ್ಯನ ನಂಬರು ಅವನಲ್ಲಿರಲಿಲ್ಲ. ಪ್ರದೀಪನನ್ನು ಕೇಳಬಹುದಿತ್ತು, ಕೇಳಿದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಅಪ್ಪನಿಗೆ ಫೋನ್ ಮಾಡಿದ. ಲೈನು ಬಿಜಿ. ಮತ್ತೆ ಮಾಡಿದ. ಬಿಜಿ. ದಿನಕ್ಕೊಂದು ಫೋನೂ ಬಾರದ ಅಪ್ಪ ಅಷ್ಟು ಹೊತ್ತು ಯಾರ ಜೊತೆ ಮಾತಾಡುತ್ತಿರಬಹುದು ಎಂದು ಯೋಚಿಸುತ್ತ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತ. ಎದುರಿನ ಅಂಗಡಿಯಲ್ಲಿ ಒಂದು ಟವೆಲು ಕೊಂಡು ಬಸ್ಸಿನಲ್ಲಿ ಮುಖಕ್ಕೆ ಸುತ್ತಿಕೊಂಡ. ಮನೆಯ ಅಂಗಳದಲ್ಲಿ ಜನ ತುಂಬಿರುವುದು, ಗಂಗಾಮಣಿ ಆಲೂರಿನಿಂದ ಬಾಯಿ ಬಡಿದುಕೊಳ್ಳುತ್ತ ಆಟೋದಿಂದ ಇಳಿಯುವುದು, ಅಷ್ಟು ಜನರ ನಡುವೆ ಅಪ್ಪ ಎದ್ದು ನಿಂತು 'ನಿಮಗೆ ಹೇಳಿದ್ದು ಯಾರು' ಎಂದು ಕೇಳುವುದು, ಎಲ್ಲ ಮುಖಗಳೂ ತನ್ನ ಕಡೆಗೆ, ತನ್ನ ತುಟಿಯ ಕಡೆಗೆ ತಿರುಗುವುದು ಕಣ್ಣಿಗೆ ಕಟ್ಟಿತು. ಬೇರೆ ಏನನ್ನಾದರೂ ತಾಳಬಹುದು. ನನ್ನ ಮಗ ನಾನಿರುವಾಗಲೇ ನನ್ನನ್ನು ಸಾಯಿಸಿದ ಎಂದು ಅಪ್ಪ ತಿಳಿಯುವುದನ್ನು ಮಾತ್ರ ತಾಳಲಾರೆ ಅನ್ನಿಸಿತು.

ಅಂಗಳದಲ್ಲಿ ಯಾರೂ ಇರಲಿಲ್ಲ. ಕಣದಲ್ಲಿ ಬಿಸಿಲು ಓರೆಯಾಗಿತ್ತು. ಅಪ್ಪ ಸ್ನಾನ ಮಾಡಿ, ಬಿಳಿ ಪಂಚೆ, ಮದುವೆಗಳಿಗೆ ಹಾಕುವ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಇಟ್ಟು ಜಗಲಿಯ ಮೇಲೆ ಕೂತಿದ್ದ.

"ಬಂದ್ಯಾ. ನಿಂಗೇ ಕಾಯ್ತಿದ್ದೆ. ಟವಲ್ ತೆಗಿ."

ತೆಗೆದ. ಅಪ್ಪ ಬಹಳ ಹೊತ್ತು ನೋಡಿದ. ಕೋಪದ್ದಲ್ಲ, ಪರಿಚಯವಿಲ್ಲದ ಊರಿನಲ್ಲಿ ದಾರಿ ನೋಡುವವನ ನೋಟ.

"ಏಕಾಂತಿ ಫೋನ್ ಮಾಡಿದ್ದ. 'ದಯಾ ಮೀಸೆ ತೆಗೆಸ್ದ, ಲಕ್ಕಪ್ಪ ಹೋಗ್ಬುಟ್ನಂತಲ್ಲ, ಮಣ್ಣು ಎಷ್ಟೊತ್ಗೆ' ಅಂದ. ನಾನೇ ಎತ್ತಿದ್ದೆ."

"ನಿನ್ ದನಿ ಗೊತ್ತಾಗ್ಲಿಲ್ವಾ ಅವ್ರಿಗೆ?"

"ಅಳ್ತಿದ್ದ ಕಣೋ. ಅಳೋನಿಗೆ ಕಿವಿ ಎಲ್ಲಿ ಕೇಳ್ತದೆ."

"ನೀನೇನಂದೆ?"

"ಐದಕ್ಕೆ ಅಂದೆ."

ಅಪ್ಪ ದಾರಿಯ ಕಡೆ ತಿರುಗಿ, "ಯಾರ್ಯಾರು ಬತ್ತಾರೆ ನೋಡನ. ಇನ್ನೊಂದ್ಸಲ ನೋಡಾಕೆ ಸಿಗಕ್ಕಿಲ್ಲ. ಆ ಕುರ್ಚಿ ಎತ್ತಿ ಈಚೆ ಹಾಕು. ಆಮೇಲೆ ಕಾಫಿ ಮಗುಚು, ಒಂದೇ ಮೈ ಒಣಗ್ತಾ ಐತೆ," ಅಂದ.

ಅವನು ಕುರ್ಚಿ ಹಾಕಿದ, ಅಪ್ಪ ಕೂತ. ಈ ಕಡೆ ಹೆಣವನ್ನು ಕೂರಿಸುವುದೇ ಹಾಗೆ, ಜಗಲಿಯ ಮುಂದೆ, ಬಿಳಿ ಉಡಿಸಿ, ದಾರಿಗೆ ಮುಖ ಮಾಡಿ. ಅವನು ಹಲಗೆ ಹಿಡಿದು ಕಣದ ಈ ತುದಿಯಿಂದ ಆ ತುದಿಗೆ ಕಾಫಿ ಎಳೆದ. ಯಾಕೆ ಹೇಳಿದೆ ಎಂದು ಅಪ್ಪ ಕೇಳುತ್ತಾನೆ, ಈ ಸಾಲು ಮುಗಿಯುವಷ್ಟರಲ್ಲಿ ಕೇಳುತ್ತಾನೆ, ಎಂದುಕೊಳ್ಳುತ್ತ ಸಾಲು ಮುಗಿಸಿದ. ಅಪ್ಪ ಕೇಳಲಿಲ್ಲ. ದಾರಿ ನೋಡುತ್ತಿದ್ದ. ಮೇಲಿನ ತೋಟದಲ್ಲಿ ಆಳುಗಳ ಮಾತು, ಕೊಂಬೆ ಬಾಗಿಸುವ ಸದ್ದು ಕೇಳುತ್ತಿತ್ತು. ಒಂದು ಬೈಕು ಬಂತು; ಅಪ್ಪ ನೆಟ್ಟಗೆ ಕೂತ; ಬೈಕು ಮುಂದೆ ಹೋಯಿತು. ಐದು ಕಳೆಯಿತು. ಬಿಸಿಲು ಕಣದ ಅಂಚಿಗೆ ಸರಿಯಿತು. ಅಪ್ಪನ ಕಾಲು ಜೋಮು ಹಿಡಿದಿರಬೇಕು, ಆಗಾಗ ಬೆರಳು ಅಲ್ಲಾಡಿಸುತ್ತಿದ್ದ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ತಾನೊಬ್ಬನೇ ಒಬ್ಬಂಟಿ ಎಂದು ತಿಳಿದಿದ್ದ ದಯಾನಂದ ಕುರ್ಚಿಯ ಮೇಲಿನ ಆ ಬಿಳಿ ಬೆನ್ನು ನೋಡುತ್ತ ಹಲಗೆ ಹಿಡಿದೇ ನಿಂತ.

ಕೊನೆಗೆ ಏರಿ ಹತ್ತಿ ಒಂದು ಆಟೋ ಬಂತು. ಏಕಾಂತಯ್ಯ ಇಳಿದ, ಕೈಯಲ್ಲಿ ದೊಡ್ಡ ಸೇವಂತಿಗೆ ಹಾರ. ಆಟೋದವನಿಗೆ ಕಾಯಲು ಹೇಳಿ, ಕಣ್ಣೊರೆಸಿಕೊಳ್ಳುತ್ತ, ಚಪ್ಪಲಿ ಬಿಟ್ಟು, ತಲೆ ತಗ್ಗಿಸಿಯೇ ಬಂದ. ದಯಾನಂದ ಹಲಗೆ ಬಿಸಾಕಿ ಓಡುವಷ್ಟರಲ್ಲಿ ಹಾರವನ್ನು ಲಕ್ಕಪ್ಪನ ಕತ್ತಿಗೆ ಹಾಕಿ, ಪಾದದ ಹತ್ತಿರ ಕುಕ್ಕರಿಸಿ, "ಒಂದ್ ಮಾತ್ ಹೇಳ್ದೆ ಹೋಗ್ಬುಟ್ಯಲ್ಲೋ" ಎಂದು ಗೊಳೋ ಎಂದ.

"ಹೇಳಾಕೆ ನೀನೆಲ್ಲಿ ಬಿಟ್ಟೆ? ಫೋನಲ್ಲಿ ಬರೀ ಅಳ್ತಿದ್ದೆ."

ಏಕಾಂತಯ್ಯ ಹಿಂದಕ್ಕೆ ಬಿದ್ದ. ಕಾಫಿಯ ಮೇಲೆ ಕೂತವನು ಬಾಯಿ ತೆರೆದುಕೊಂಡು ಲಕ್ಕಪ್ಪನನ್ನೂ ದಯಾನಂದನನ್ನೂ ಆಟೋವನ್ನೂ ನೋಡಿದ.

"ಥೂ ನಿನ್ನ! ಬದ್ಕಿದ್ದೀಯೇನೋ!"

"ಕ್ಷಮಿಸ್ಬೇಕು ಮಾರಾಯ. ಬದ್ಕಿದ್ದೀನಿ. ಇನ್ಯಾರಿಗೆ ಹೇಳ್ದೆ?"

"ಯಾರಿಗೆ ಹೇಳಿಲ್ಲ! ನಿಮ್ಮ ದೊಡ್ಡಪ್ಪನ ಮಕ್ಳಿಗೆ, ಸೊಸೈಟಿಲಿ, ಮಾರನಹಳ್ಳಿ ಹೋಟ್ಲಲ್ಲಿ... ನಿನ್ನ ಮಗಳ್ ನಂಬರ್ ಒಂದು ಸಿಕ್ಲಿಲ್ಲ, ಪುಣ್ಯ."

"ಏನಂದ್ರು?"

ಏಕಾಂತಯ್ಯ ಪಂಚೆಗೆ ಅಂಟಿದ ಹಣ್ಣು ಕೊಡವಿಕೊಂಡ. "ಕುಯ್ಲು ಬಿಟ್ಟು ಬರಾಕಾಯ್ತದಾ, ತಿಥಿಗೆ ಬತ್ತೀವಿ ಅಂದ್ರು."

"ಹೂಂ. ಆಳು ಸಿಕ್ಕೋದೇ ಕಷ್ಟ ಈಗ," ಅಂದ ಲಕ್ಕಪ್ಪ. ಎಲ್ಲರನ್ನೂ ಬಿಟ್ಟುಕೊಟ್ಟವನಂತೆ ದಾರಿಯಿಂದ ಕಣ್ಣು ತೆಗೆದ.

ಏಕಾಂತಯ್ಯ ಈಗ ಎದ್ದು ನಿಂತಿದ್ದ. ಕಣ್ಣೀರು ಆರಿ ಮುಖ ಕೆಂಪೇರುತ್ತಿತ್ತು. "ನನ್ನ ಎಲ್ರ ಮುಂದೆ ಹುಚ್ಚನ್ನ ಮಾಡ್ಬುಟ್ರಲ್ಲ. ನಿನ್ನ ಮಗನ್ನೇ ಕೇಳ್ದೆ ಕಣೋ ನಾನು. ಬಾಯಿಬಿಟ್ಟು ಕೇಳ್ದೆ. ಹೂಂ ಅಂದ! ಏನ್ಲಾ ದಯಾ, ಅಂದ್ಯೋ ಇಲ್ವೋ?"

ಹಲಗೆ ದೂರ ಬಿದ್ದಿತ್ತು, ಕೈಗೆ ಹಿಡಿಯಲು ಏನೂ ಇರಲಿಲ್ಲ. ಇಲ್ಲ ಎಂದುಬಿಡಬಹುದು. ಮುದುಕನಿಗೆ ಕಿವಿ ಮಂದ, ತಪ್ಪು ತಿಳಿದ, ಊರು ನಂಬುತ್ತದೆ. ಏಕಾಂತಯ್ಯನ ಅಂಗೈಯ ಬಿಸಿ ಇನ್ನೂ ಕೈಯಲ್ಲಿತ್ತು.

"ಅಂದೆ ಮಾವ," ಅಂದ.

"ಯಾಕೆ?"

ಅಪ್ಪ ಹಾರದೊಳಗಿಂದ ಕೆಮ್ಮಿದ.

"ನಾನೇ ಹೇಳಿದ್ದೆ ಕಣೋ ಅವ್ನಿಗೆ. ಹೆಂಗೂ ಪೇಟೆಗೆ ಹೋಗ್ತೀಯ, ಮೀಸೆ ತೆಗೆಸ್ಕಂಡ್ ಬಂದ್ಬುಡು, ನಾಳೆ ನಾನು ಹೊರಟ್ರೆ ಕುಯ್ಲಲ್ಲಿ ಬಿಡುವಿರಕ್ಕಿಲ್ಲ ಅಂತ. ಆಟೋದೋನಿಗೆ ಎಷ್ಟು ಕಾಯಕ್ಕೆ ಹೇಳಿದ್ದೀಯ? ಕಾಫಿ ಕುಡ್ಕಂಡ್ ಹೋಗು. ಸತ್ ಸುದ್ದಿ ಹಬ್ಬಿದ್ರೆ ಆಯಸ್ಸು ಜಾಸ್ತಿ ಅಂತಾರೆ. ನಿಂಗೆ ಪುಣ್ಯ ಬತ್ತದೆ."

ಏಕಾಂತಯ್ಯ ಬೈಯುತ್ತಲೇ ಕಾಫಿ ಕುಡಿದ. ಬೈಯುತ್ತಲೇ ನಕ್ಕ. ಹೊರಡುವಾಗ ಲಕ್ಕಪ್ಪನ ಹೆಗಲಿಗೆ ಗುದ್ದಿ, ದಯಾನಂದನ ಮುಖ ನೋಡದೆ ಆಟೋ ಹತ್ತಿದ. ಅವನಿಗೆ ಕೊಡಬೇಕಾದ ಉತ್ತರ ಹಾಗೇ ಉಳಿಯಿತು.

ಇಬ್ಬನಿ ಬೀಳುವ ಹೊತ್ತು. ಕಾಫಿ ಗುಡ್ಡೆ ಮಾಡಬೇಕಿತ್ತು. ಅಪ್ಪ ಹಾರ ತೆಗೆದು ಕುರ್ಚಿಗೆ ಹಾಕಿ, ಒಳ್ಳೆಯ ಅಂಗಿಯಲ್ಲೇ ಪೊರಕೆ ಹಿಡಿದು ಬಂದ. ಅವನು ಗುಡಿಸಿದ್ದನ್ನು ದಯಾನಂದ ಎಳೆದು ರಾಶಿ ಹಾಕಿದ.

"ನೋಯಕ್ಕಿಲ್ವೇನ್ಲಾ?" ಅಪ್ಪ ನೆಲ ನೋಡುತ್ತ ಕೇಳಿದ.

"ಏನು?"

"ಕೀಳ್ವಾಗ."

ಹಲಗೆ ನಿಂತಿತು. "ಗೊತ್ತಿತ್ತಾ ನಿಂಗೆ?"

"ತಲೆದಿಂಬಿನ್ ಮೇಲೆ ಉದ್ರಿರ್ತಿದ್ವಲ್ಲ. ಕೊಡವೋನು ನಾನೇ ಅಲ್ವಾ." ಅಪ್ಪ ಅಂಚಿನ ಹಣ್ಣು ಗುಡಿಸಿದ. "ಏನ್ ಕೇಳೋದು ಅಂತ ಸುಮ್ನಿದ್ದೆ."

"ಕೀಳ್ವಾಗ ನೋಯಲ್ಲಪ್ಪ," ಅಂದ ದಯಾನಂದ. "ಆಮೇಲೆ."

ಅಪ್ಪ ತಲೆಯಾಡಿಸಿದ, ತೋಟದ ಯಾವುದೋ ರೋಗದ ಬಗ್ಗೆ ಕೇಳಿ ತಿಳಿದವನ ಹಾಗೆ. ಇಬ್ಬರೂ ಟಾರ್ಪಾಲಿನ ಎರಡು ತುದಿ ಹಿಡಿದು ರಾಶಿಯ ಮೇಲೆ ಎಳೆದರು. ಗಾಳಿಗೆ ಹಾರದಂತೆ ಅಂಚಿಗೆ ಕಲ್ಲಿಡುತ್ತ ಅಪ್ಪ, "ಬೆಳೀತದಲ್ಲ ಮತ್ತೆ? ಅಷ್ಟು ದಿನ ನಾನು ಇರ್ತೀನಿ ಬಿಡು," ಅಂದ.

ಹೂಂ ಅನ್ನುವುದು ಸುಲಭವಿತ್ತು.

"ಬಲಗಡೆ ಬೆಳೆಯಲ್ಲಪ್ಪ. ಕೂದ್ಲಿನ ಬೇರೇ ಸತ್ತೋಗೈತೆ ಅಂದ್ರು ಹಾಸನದ ಡಾಕ್ಟ್ರು."

ಅಪ್ಪ ಕಲ್ಲನ್ನು ಕೈಯಲ್ಲಿ ಹಿಡಿದೇ ನಿಂತ. ಸಂಜೆಯ ಬೆಳಕಿನಲ್ಲಿ ಮಗನ ಮುಖವನ್ನು ಒಂದು ಕಡೆಯಿಂದ, ಆಮೇಲೆ ಇನ್ನೊಂದು ಕಡೆಯಿಂದ ನೋಡಿದ.

"ಎಡಗಡೇದು?"

"ಅದು ಬರ್ಬೋದು."

"ಹಂಗಾರೆ ಅದನ್ನೇ ಬೆಳಸು," ಅಂದು ಅಪ್ಪ ಕಲ್ಲನ್ನು ಅಂಚಿನ ಮೇಲೆ ಇಟ್ಟ. "ನಂಗೆ ಅಷ್ಟು ಸಾಕು."